ಹೊನ್ನಾವರದ ತೋಟದಲ್ಲಿ ಡೇರೆ ಹಾಕಬಹುದೇ?

ಪ್ರಶ್ನೆ: ಡಿಸೆಂಬರ್ ರಜೆಗೆ ಹೊನ್ನಾವರದ ಕಡೆಯ ತೋಟವೊಂದರಲ್ಲಿ ಡೇರೆ ಹಾಕಿಕೊಂಡು ಇರೋಣ ಎಂದಿದ್ದೇವೆ. ಜೊತೆಗೆ ಐದು ವರ್ಷದ ಮಗಳು, ಮಂಡಿನೋವಿನ ಅತ್ತೆ. ಹೋಗಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಹೋಗಿಬನ್ನಿ ತಾಯಿ. ಅತ್ತೆಯವರಿಗೆ ಮಾತ್ರ ತೋಟದ ಮನೆಯ ಜಗಲಿಯಲ್ಲೊಂದು ಮಂಚ ಕೇಳಿಟ್ಟುಕೊಳ್ಳಿ. ನೆಲಕ್ಕೆ ಮಲಗಿಸಿದರೆ ಬೆಳಗ್ಗೆ ಎಬ್ಬಿಸಬೇಕಾದವರು ನೀವೇ! ತೆಂಗಿನ ಬುಡದಲ್ಲಿ ಡೇರೆ ಬೇಡ, ನೆರಳಿನ ಜೊತೆ ಕಾಯಿಯೂ ಬೀಳುತ್ತದೆ. ಅಡಿಕೆ ಮರದಿಂದ ಹಾಳೆ ಸಮೇತ ಸೋಗೆ ಬೀಳುತ್ತದೆ. ಕೊಯ್ಲಾದ ಗದ್ದೆಯೇ ಸರಿ. ಇಬ್ಬನಿಗೆ ಎಲ್ಲ ತೊಯ್ಯುತ್ತದೆ, ಮೇಲೊಂದು ತಾಡಪಾಲು ಇರಲಿ.

ಕಾಡಿನಂಚು ಎಂದರೆ ನನಗೆ ಹುಲಿಗಿಂತ ಉಣುಗಿನ ಚಿಂತೆ. ಮಂಗನ ಕಾಯಿಲೆ ಎಂಬ ಜ್ವರ ಹರಡುವುದು ಉಣುಗು ಕಚ್ಚುವುದರಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಹೊನ್ನಾವರ, ಸಿದ್ದಾಪುರ ತಾಲೂಕುಗಳಲ್ಲಿ ಇದು ಕಂಡದ್ದಿದೆ. ಸುತ್ತಮುತ್ತ ಮಂಗ ಸತ್ತು ಬಿದ್ದ ಸುದ್ದಿ ಇದೆಯೇ ಎಂದು ತೋಟದವರನ್ನು ಮೊದಲೇ ಕೇಳಿ. ಇದ್ದರೆ ಈ ವರ್ಷ ಬಿಟ್ಟುಬಿಡಿ. ತರಗೆಲೆಯ ಮೇಲೆ ಮಗುವನ್ನು ಕೂರಿಸಬೇಡಿ. ತುಂಬುತೋಳಿನ ಅಂಗಿ ಹಾಕಿಸಿ. ಸಂಜೆ ಮೀಸುವಾಗ ಕಂಕುಳು, ಕಿವಿಯ ಹಿಂಭಾಗ, ಮೊಣಕಾಲ ಸಂದಿ ನೋಡಿ.

ಸಮುದ್ರಕ್ಕೆ ಹೊನ್ನಾವರದ ಪಕ್ಕದ ಕಾಸರಕೋಡಿಗೆ ಹೋಗಿ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಡಲತೀರ ಅದು. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ಹಾಸಿದ ದಾರಿಯಿದೆ. ಹತ್ತುವುದು ಇಳಿಯುವುದು ಹೆಚ್ಚಿಲ್ಲ. ಬಿಸಿಲೇರುವ ಮುಂಚೆ ಹೋಗಿ.