ಮಲೆನಾಡಿನ ಅಡಿಕೆ ತೋಟಕ್ಕೆ ಫೋನಲ್ಲಿ ಮಾಹಿತಿ ಕಳಿಸುವುದಾದರೆ

ಬಯಲುಸೀಮೆಯಲ್ಲಿ ನಡೆದ ಆಪ್ ಹೊಸನಗರ, ತೀರ್ಥಹಳ್ಳಿಯ ಘಟ್ಟದಂಚಿಗೆ ಹಾಗೇ ಹೊಂದುವುದಿಲ್ಲ ಮಾರಾಯ್ರೇ. ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಇಳಿದರೆ ಸಿಗ್ನಲ್ಲೂ ಹೋಗುತ್ತದೆ. ಮನೆಯೊಳಗೆ ಸಿಗದ ಸಿಗ್ನಲ್ಲು ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗಬಹುದು. ಅಷ್ಟರಲ್ಲೇ ಇಳಿಯಬೇಕು ನಿಮ್ಮ ಮಾಹಿತಿ. ಹಾಗಾಗಿ ವಿಡಿಯೊ ಬೇಡ, ಅರ್ಧ ನಿಮಿಷದ ಆಡಿಯೊ ಸಾಕು.

ಎಸ್ಸೆಮ್ಮೆಸ್ ಆದರೆ ಇನ್ನೊಂದು ಲೆಕ್ಕ. ಇಂಗ್ಲಿಷಿಗೆ ಒಂದು ಮೆಸೇಜಿನಲ್ಲಿ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಅದರಲ್ಲೂ 'ಕ್ಷಿ' ನಮ್ಮ ಕಣ್ಣಿಗೆ ಒಂದು, ಫೋನಿಗೆ ನಾಲ್ಕು. ಕೆಲವು ಹಳೆ ಕೀಪ್ಯಾಡ್ ಸೆಟ್ಟಲ್ಲಿ ಕನ್ನಡವೆಲ್ಲ ಬರೀ ಚೌಕ.

ಮಳೆಗಾಲದಲ್ಲಿ ಅಡಿಕೆಯ ಎಳೆ ಕಾಯಿ ಕೊಳೆತು ಉದುರುವ ಕೊಳೆರೋಗದ ವಿಷಯಕ್ಕೆ ಬನ್ನಿ. 'ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ' ಎಂದರೆ ಅರ್ಧ ಸಲಹೆ. ತೋಟದಲ್ಲಿ ಇರುವುದು 200 ಲೀಟರಿನ ಡ್ರಮ್ಮು. ಅದರ ಲೆಕ್ಕದಲ್ಲೇ ಹೇಳಿ. ಮೈಲುತುತ್ತ (ಕಾಪರ್ ಸಲ್ಫೇಟ್) 2 ಕಿಲೊ, ಸುಣ್ಣ 2 ಕಿಲೊ, ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೂರು ನೂರು ಲೀಟರ್ ನೀರಿಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ತಿರುವಬೇಕು. ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಚೂರಿ ಅದ್ದಿ ನೋಡಿ: ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ತುತ್ತ ಹೆಚ್ಚಾಗಿದೆ, ಎಳೆ ಕಾಯಿ ಸುಡುತ್ತದೆ, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು. ಈ ಚೂರಿಯ ಮಾತು ಬಿಟ್ಟುಹೋದ ಆಡಿಯೊ ಕಳಿಸದಿರುವುದೇ ಮೇಲು.

ಮೊದಲ ಮದ್ದು ಮುಂಗಾರು ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ. ಆಗ ಪುನರ್ವಸು ಮಳೆಯ ಹೊತ್ತು, ಹೊಳ, ಅಂದರೆ ಮಳೆಯ ನಡುವಿನ ಬಿಡುವು, ಸಿಗುವುದೇ ಕಷ್ಟ. ನಾಳೆ ಹೊಳವಾಗುವಂತಿದ್ದರೆ ಸುದ್ದಿ ಇವತ್ತು ಸಂಜೆಯೇ ಮುಟ್ಟಬೇಕು, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರಿಗೆ ಹೇಳಿಕಳಿಸಲು ರಾತ್ರಿಯಾದರೂ ಬೇಕಲ್ಲ. ಹವಾಮಾನ ಇಲಾಖೆಯ ಮೇಘದೂತ್ ಆಪಿನಲ್ಲಿ ಮಂಗಳವಾರ, ಶುಕ್ರವಾರ ಸಲಹೆ ಬರುತ್ತದೆ, ನೋಡಿಕೊಳ್ಳಿ. ಆದರೆ ಮಳೆ ಕಡಿಮೆಯ ಶಿಕಾರಿಪುರವೂ ಮಳೆ ವಿಪರೀತವಾದ ಆಗುಂಬೆಯೂ ಒಂದೇ ಜಿಲ್ಲೆ. ಎರಡೂ ಕಡೆಗೆ ಒಂದೇ ಮಾತು ಹೇಳಿದರೆ ನಗುತ್ತಾರೆ.

ಅಡಿಕೆ ಧಾರಣೆ ಕಳಿಸಿದರೆ ತಾರೀಕು, ಮಾರುಕಟ್ಟೆ, ಅಡಿಕೆಯ ತರ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂಬುದೂ ಇರಲಿ. ತಾರೀಕಿಲ್ಲದ ಧಾರಣೆ ತಿಂಗಳುಗಟ್ಟಲೆ ಗ್ರೂಪಿನಿಂದ ಗ್ರೂಪಿಗೆ ಸುತ್ತುತ್ತಿರುತ್ತದೆ.

ತಿರುಗಿ ಕೇಳುವವರಿಗೆ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551, ಬೆಳಿಗ್ಗೆ 6ರಿಂದ ರಾತ್ರಿ 10. ಫೋಟೊ ತರಿಸಿಕೊಳ್ಳುವುದಾದರೆ ಮರದ್ದಲ್ಲ, ಉದುರಿದ ಕಾಯಿಯ ತೊಟ್ಟಿನ ಕಡೆಯದ್ದು. ಕೊಳೆಯಾದರೆ ಅಲ್ಲಿ ನೀರು ಕುಡಿದಂಥ ಕಲೆ, ಮೇಲೆ ಬಿಳಿ ಬೂಸ್ಟು ಕಾಣುತ್ತದೆ.