ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣನನ್ನು ನೋಡಲು ಹೋಗಬೇಕು, ವಿಪರೀತ ಭಯ. ತೋರಾದಲ್ಲಿ ಇದಕ್ಕೇನಾದರೂ ದಾರಿ ಇದೆಯೇ?

ಯಹೂದಿಗಳ ಪವಿತ್ರ ಗ್ರಂಥ ತೋರಾದ ಮೊದಲ ಪುಸ್ತಕ ಆದಿಕಾಂಡ, ಅದರ 32ನೇ ಅಧ್ಯಾಯ ತೆಗೆಯಿರಿ, ಹೆಚ್ಚುಕಡಿಮೆ ನಿಮ್ಮದೇ ಕಥೆ. ಅಣ್ಣ ಏಸಾವನಿಗೆ ಸಲ್ಲಬೇಕಿದ್ದ ಆಶೀರ್ವಾದವನ್ನು ಮೋಸದಿಂದ ಪಡೆದು ಓಡಿಹೋಗಿದ್ದ ಯಾಕೋಬ, ಮಾವ ಲಾಬಾನನ ಬಳಿ 20 ವರ್ಷ ದುಡಿದು ಊರಿಗೆ ಮರಳುತ್ತಿದ್ದಾನೆ. ಆಳುಗಳು ತಂದ ಸುದ್ದಿ ಇಷ್ಟೇ: ಅಣ್ಣ ಎದುರಿಗೆ ಬರುತ್ತಿದ್ದಾನೆ, ಜೊತೆಗೆ 400 ಜನ. ಹೊಡೆಯಲು ಬರುತ್ತಿದ್ದಾನೆ ಅಂತ ಅವರು ಹೇಳಲಿಲ್ಲ. ಅದನ್ನು ಸೇರಿಸಿಕೊಂಡದ್ದು ಯಾಕೋಬನ ಭಯ. ನಿಮ್ಮ ಕಿವಿಗೆ ಬಿದ್ದದ್ದೆಷ್ಟು, ನೀವು ಸೇರಿಸಿದ್ದೆಷ್ಟು ಅಂತ ಮೊದಲು ಬೇರೆ ಬೇರೆ ಬರೆದುಕೊಳ್ಳಿ.

'ಬಹಳ ಹೆದರಿದ, ಕಳವಳಗೊಂಡ' ಎನ್ನುತ್ತದೆ 7ನೇ ವಚನ (ಹೀಬ್ರೂ ಪ್ರತಿಯಲ್ಲಿ ಅದು 8). ಎರಡು ಮಾತು ಯಾಕೆ? ತಾನು ಸತ್ತೇನೆಂಬ ಭಯ, ತಾನೇ ಕೊಂದೇನೆಂಬ ಕಳವಳ ಎನ್ನುತ್ತಾರೆ 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ. ಅಲ್ಲಿ ನಿಮ್ಮ ನಾಲಿಗೆ ಏನು ಮಾಡೀತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾಕೋಬ ಮೊದಲು ಜನ, ದನಗಳನ್ನು ಎರಡು ಪಾಳೆಯ ಮಾಡಿದ. ಒಂದಕ್ಕೆ ಏಟು ಬಿದ್ದರೆ ಇನ್ನೊಂದು ಉಳಿಯಲಿ ಅಂತ. ಪ್ರಾರ್ಥನೆ ಆಮೇಲೆ. ಅದರಲ್ಲೂ 'ಕಾಪಾಡು' ಎಂದಷ್ಟೇ ಹೇಳಿ ಬಿಡಲಿಲ್ಲ. ಯಾರ ಭಯ, ಯಾರಿಗೆ ಅಪಾಯ ಎಂದು ಹೆಸರು ಹಿಡಿದು ಹೇಳಿದ.

ಮೂರನೆಯದು ಕಾಣಿಕೆ. ಆಡು 220, ಕುರಿ 220, ಮರಿಸಹಿತ ಹಾಲು ಕೊಡುವ ಒಂಟೆ 30, ಹಸು 40, ಹೋರಿ 10, ಕತ್ತೆ 30. ಚಾಣಾಕ್ಷತನ ಇರುವುದು ಸಂಖ್ಯೆಯಲ್ಲಲ್ಲ, 'ಮಂದೆ ಮಂದೆಗೂ ನಡುವೆ ಅಂತರ ಬಿಡಿ' ಅನ್ನುವ ಅಪ್ಪಣೆಯಲ್ಲಿ. ಎಲ್ಲ ಒಟ್ಟಿಗೆ ಬಂದಿದ್ದರೆ ಏಸಾವನ ಸಿಟ್ಟಿಗೆ ಒಂದೇ ಸಲ ಎದುರಾಗಬೇಕಿತ್ತು. ಹೀಗೆ ಬಂದಾಗ ಪ್ರತಿ ಸಲ ಒಂದಿಷ್ಟು ಇಳಿಯುತ್ತದೆ. ಆಳುಗಳಿಗೆಲ್ಲ ಒಂದೇ ಉತ್ತರ ಕಲಿಸಿದ್ದ: 'ಇವು ನಿನ್ನ ದಾಸ ಯಾಕೋಬನವು, ಒಡೆಯನಿಗೆ ಕಾಣಿಕೆ, ಅವನೂ ಹಿಂದೆ ಬರುತ್ತಿದ್ದಾನೆ.' ಹಾಗಾಗಿ ಹೋದ ದಿನವೇ ಹಳೇ ಲೆಕ್ಕವನ್ನೆಲ್ಲ ಬಿಚ್ಚಬೇಡಿ. ಮೊದಲು ಒಂದು ಸಣ್ಣ ಸಂದೇಶ, ನಾಲ್ಕು ದಿನ ಬಿಟ್ಟು ಫೋನು, ಆಮೇಲೆ ಭೇಟಿ. 'ಯಾಕೆ ಬಂದೆ?' ಎಂದರೆ ಹೇಳಲು ಒಂದೇ ವಾಕ್ಯ ಬಾಯಿಪಾಠ ಇರಲಿ.

ಭೇಟಿಯ ಹೊತ್ತಿಗೆ (ಇದು 33ನೇ ಅಧ್ಯಾಯ) ಮಾತ್ರ ಯಾಕೋಬ ಯಾರನ್ನೂ ಮುಂದೆ ಬಿಡಲಿಲ್ಲ. ತಾನೇ ಮುಂದೆ ಹೋಗಿ ಏಳು ಸಲ ಬಾಗಿದ. ಏಸಾವ ಓಡಿಬಂದು ತಬ್ಬಿಕೊಂಡ, ಇಬ್ಬರೂ ಅತ್ತರು. ನಿಮ್ಮ ಅಣ್ಣನೂ ತಬ್ಬಿಕೊಳ್ಳುತ್ತಾನೆ ಅಂತ ನಾನು ಹೇಳಲಾರೆ.

ಜನ ಸಾಮಾನ್ಯವಾಗಿ ಗಮನಿಸದ ಭಾಗ ಮುಂದಿದೆ. ಜೊತೆಯಲ್ಲೇ ಹೋಗೋಣ ಬಾ ಎಂದು ಏಸಾವ ಕರೆದ. ಮಕ್ಕಳು ಎಳೆಯರು, ಮರಿಗೆ ಹಾಲೂಡಿಸುವ ಮಂದೆ ಇದೆ, ನೀನು ಮುಂದೆ ನಡೆ ಎಂದ ಯಾಕೋಬ, ಅಣ್ಣನ ಹಿಂದೆ ಹೋಗದೆ ಸುಕ್ಕೋತ್ ಎಂಬ ಬೇರೆ ಜಾಗಕ್ಕೆ ಹೋಗಿ ಅಲ್ಲೇ ಮನೆ ಕಟ್ಟಿಕೊಂಡ. ನೀವೂ ಹಾಗೆಯೇ, ಊಟ ಮುಗಿಸಿ ಹೊರಡಿ. ಅಣ್ಣ ಎಷ್ಟೇ ಒತ್ತಾಯ ಮಾಡಿದರೂ ಮೊದಲ ಸಲಕ್ಕೇ ರಾತ್ರಿ ಉಳಿಯಬೇಡಿ.