ಗಾಲ್ವೇಗೆ ಬರ್ತಿರೋ ತಂಗಿಗೆ: ಚರ್ಚು, ಕಾನೂನು, ನಿಮ್ಮಮ್ಮನ ಹೆದರಿಕೆ

ಅಕ್ಕ ಅಂತ ಕರ್ದಿದೀಯ, ಅದಕ್ಕೆ ನಾನೂ ನೀನು ಅಂತಾನೇ ಬರೀತೀನಿ. ಗಂಡನಿಗೆ ಗಾಲ್ವೇಲಿ ಕೆಲಸ ಆಗಿದೆ, ಬಂದ್ಮೇಲೆ ಮಗು ಮಾಡ್ಕೋಬೇಕು ಅಂತಿದೀವಿ, ಆದ್ರೆ ಕೇಳಿದ್ರೂ ಗರ್ಭಪಾತ ಸಿಗದೆ ಇಲ್ಲಿ ತೀರ್ಕೊಂಡ ಸವಿತಾ ಹಾಲಪ್ಪನವರ್ ವಿಷಯ ನೆನೆಸ್ಕೊಂಡು ಅಮ್ಮ ಹೆದರ್ತಿದಾರೆ, ಐರ್ಲೆಂಡಲ್ಲಿ ಈಗ್ಲೂ ಚರ್ಚ್ ಹೇಳಿದ್ದೇ ಕಾನೂನಾ ಅಂತ ಕೇಳಿದೀಯ. ಮನೆ, ಚಳಿ ಬಗ್ಗೆನೂ ಕೇಳಿದೀಯ. ಮನೆ ಸಿಗೋದು ತುಂಬಾ ಕಷ್ಟ, ಬರೋಕ್ ಮುಂಚೆನೇ ಹುಡುಕೋಕೆ ಶುರು ಮಾಡಿ. ಚಳಿಗಿಂತ ಮಳೆಗಾಳಿ ಜಾಸ್ತಿ, ಛತ್ರಿ ನಿಲ್ಲಲ್ಲ, ಜಾಕೆಟ್ ಇಲ್ಲೇ ತಗೋ. ಅಷ್ಟೇ. ಅಮ್ಮನ ಪ್ರಶ್ನೆಗೆ ಮಾತ್ರ ಪೂರ್ತಿ ಉತ್ತರ ಕೊಡ್ಲೇಬೇಕು.

ನಾನು 2010ರಲ್ಲಿ ಬಂದೆ. ಬಾಡಿಗೆ ಮನೇಲಿ ಟಿವಿ ಹಾಕಿದ್ರೆ ಸಂಜೆ ಆರಕ್ಕೆ, ನ್ಯೂಸ್‌ಗೆ ಮುಂಚೆ, ಸರ್ಕಾರಿ ಚಾನೆಲ್ಲಲ್ಲೇ ಒಂದು ನಿಮಿಷ ಚರ್ಚ್ ಗಂಟೆ ಬಾರಿಸ್ತಿತ್ತು, ಆಂಜೆಲಸ್ ಅಂತಾರೆ, ಈಗ್ಲೂ ಬರುತ್ತೆ. ನಾನು ದೀಪ ಹಚ್ಚೋ ಹೊತ್ತಿಗೇ ಸರಿಯಾಗಿ ಕೇಳ್ಸೋದು, ಖುಷಿ ಆಗೋದು, ದೇವ್ರಿಗೆ ಹೆದರೋ ಜನ, ನಮ್ಮಂಥವ್ರೇ ಅಂತ. ಒಳ್ಳೆ ಜನಾನೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ನಂಬಿಕೆ ಸಂವಿಧಾನದೊಳಗೂ ಹೋಗಿ ಕೂತಿದೆ ಅಂತ ನಮ್ಗೆ ಯಾರೂ ಹೇಳಿರ್ಲಿಲ್ಲ.

ನಮ್ಮಲ್ಲೂ ಭ್ರೂಣಹತ್ಯೆ ಮಹಾಪಾಪ ಅನ್ನೋರಿದಾರೆ, ನಮ್ಮತ್ತೆನೂ ಅಂತಾರೆ. ಆದ್ರೆ ಭಾರತದಲ್ಲಿ 1971ರಲ್ಲೇ ಗರ್ಭಪಾತಕ್ಕೆ ಅವಕಾಶ ಕೊಡೋ ಎಂಟಿಪಿ ಕಾಯ್ದೆ ಬಂತು, ಪಾಪ ಪುಣ್ಯದ ಮಾತು ಮನೆಯೊಳಗೆ ಉಳ್ಕೊಂಡ್ತು, ಆಸ್ಪತ್ರೆ ಕಾನೂನು ಬೇರೆ ದಾರಿ ಹಿಡೀತು. ಹಾಗಾಗಿ ಡಾಕ್ಟರು ಧರ್ಮದ ಕಾನೂನಿಗೆ ಹೆದರಿ ಕೈಕಟ್ಟಿ ನಿಲ್ಬಹುದು ಅನ್ನೋದು ನಮ್ಮ ತಲೆಗೇ ಬರಲ್ಲ. ಇಲ್ಲಿ ಆಗಿದ್ದು ಅದೇ. 1980ರ ದಶಕದ ಶುರುನಲ್ಲಿ ಕ್ಯಾಥೊಲಿಕ್ ಸಂಘಟನೆಗಳು ಒತ್ತಡ ಹಾಕಿದ್ವು, ಒಂದರ ಹಿಂದೊಂದು ಚುನಾವಣೆ ಬರ್ತಿದ್ದ ಕಾಲ, ಎರಡು ದೊಡ್ಡ ಪಾರ್ಟಿಗಳೂ ಓಟಿನ ಭಯಕ್ಕೆ, ಸಂವಿಧಾನದಲ್ಲೇ ಗರ್ಭಪಾತ ತಡೀತೀವಿ ಅಂತ ಮಾತು ಕೊಟ್ವು. ಆ ತಿದ್ದುಪಡಿಯ ಪದಗಳು ಗೊಂದಲ ಮಾಡ್ತವೆ ಅಂತ ಸರ್ಕಾರಕ್ಕೆ ಕಾನೂನು ಸಲಹೆ ಕೊಡೋ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಆಗ್ಲೇ ಎಚ್ಚರಿಸಿದ್ರು, ಆದ್ರೂ ಅದೇ ಪದಗಳು ಉಳ್ಕೊಂಡ್ವು. 1983ರಲ್ಲಿ ಸಂವಿಧಾನದ ಎಂಟನೇ ತಿದ್ದುಪಡಿ ಪಾಸಾಯ್ತು, ತಾಯಿಯ ಜೀವಕ್ಕೂ ಹುಟ್ಟದ ಮಗುವಿನ ಜೀವಕ್ಕೂ ಸಮಾನ ಹಕ್ಕು ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡು.

2012 ಅಕ್ಟೋಬರ್‌ನಲ್ಲಿ ಬೆಳಗಾವಿ ಹುಡುಗಿ ಸವಿತಾ, 31 ವರ್ಷ, ಡೆಂಟಿಸ್ಟ್, 17 ವಾರದ ಗರ್ಭಿಣಿ, ಬೆನ್ನುನೋವು ಅಂತ ಆಸ್ಪತ್ರೆಗೆ ಹೋದ್ಲು. ಗರ್ಭ ನಿಲ್ಲಲ್ಲ ಅಂತ ಗೊತ್ತಾಯ್ತು, ತೆಗೆದುಬಿಡಿ ಅಂತ ಅವಳೂ ಗಂಡನೂ ಕೇಳ್ಕೊಂಡ್ರು, ಭ್ರೂಣದ ಹೃದಯ ಬಡಿತಾ ಇದೆ, ಆಗಲ್ಲ ಅಂದ್ರು. ಇದು ಕ್ಯಾಥೊಲಿಕ್ ದೇಶ ಅಂತ ಹೇಳಿದ್ದು ಹೌದು, ನೋಯಿಸೋಕಲ್ಲ, ವಿವರಿಸೋಕೆ ಹೇಳಿದ್ದು ಅಂತ ಒಬ್ಬ ಮಿಡ್‌ವೈಫ್ ಆಮೇಲೆ ವಿಚಾರಣೆಲಿ ಒಪ್ಕೊಂಡ್ರು. ಅಕ್ಟೋಬರ್ 28ಕ್ಕೆ ಸೆಪ್ಸಿಸ್‌ನಿಂದ, ಅಂದ್ರೆ ಮೈಗೆಲ್ಲಾ ಸೋಂಕು ಏರಿ, ಹೋಗ್ಬಿಟ್ಲು. ಆರೈಕೆಯಲ್ಲೂ ದೊಡ್ಡ ತಪ್ಪುಗಳಾಗಿದ್ವು, ವರದಿಗಳಲ್ಲಿ ಎಲ್ಲಾ ಇದೆ, ಬರೀ ಕಾನೂನಿನ ಮೇಲೆ ಹಾಕೋಕಾಗಲ್ಲ. ಆದ್ರೆ ಬಡಿತ ನಿಲ್ಲೋವರೆಗೂ ಕಾಯೋಣ ಅನ್ನೋ ಆ ಧೋರಣೆ ಬಂದಿದ್ದು ಕಾನೂನಿಂದಾನೇ.

ಪೇಪರಲ್ಲಿ ಸುದ್ದಿ ಬಂದಿದ್ದು ಬಲಿಪಾಡ್ಯಮಿ ದಿನ. ಹಬ್ಬದ ದೀಪ ಇನ್ನೂ ಕಿಟಕಿಲಿತ್ತು, ಗಂಡ ಫೋನ್ ಕೈಗೆ ಕೊಟ್ಟು ಓದು ಅಂದ. ಆಗ ಗೊತ್ತಾಗಿದ್ದು ಇನ್ನೂ ಮರ್ತಿಲ್ಲ ತಂಗಿ. ನಾವು ಓದಿದೀವಿ, ಇಂಗ್ಲಿಷ್ ಬರುತ್ತೆ, ತೆರಿಗೆ ಕಟ್ತೀವಿ, ನಮಗೇನಾಗುತ್ತೆ ಅನ್ಕೊಂಡಿದ್ವಲ್ಲ, ಅವಳ ಹತ್ರ ಅದೆಲ್ಲಾ ಇತ್ತು. ಬಾಯಿಬಿಟ್ಟು ಕೇಳಿದ್ಲು ಕೂಡ. ಇಲ್ಲಿನ ಹೆಂಗಸರು ಬೇಕಾದ್ರೆ ಸದ್ದಿಲ್ಲದೆ ಇಂಗ್ಲೆಂಡಿಗೆ ಹೋಗಿ ಬರ್ತಿದ್ರು, ಅದಕ್ಕೆ 1992ರಿಂದ ಸಂವಿಧಾನದಲ್ಲೇ ಅವಕಾಶ ಇತ್ತು. ಆಗ ಭಾರತದ ಪಾಸ್‌ಪೋರ್ಟ್ ಇದ್ದ ನಾವು ಹೋಗ್ಬೇಕಂದ್ರೆ ಮೊದ್ಲು ಯುಕೆ ವೀಸಾ ಆಗ್ಬೇಕಿತ್ತು, ವಾರಗಟ್ಟಲೆ, ಗರ್ಭ ಕಾಯುತ್ತಾ?

ಆಮೇಲೆ ಬದಲಾಯ್ತು, ಅದನ್ನ ಹೆಮ್ಮೆಯಿಂದಾನೇ ಹೇಳ್ತೀನಿ. ಚರ್ಚ್ ನಡೆಸ್ತಿದ್ದ ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ದೌರ್ಜನ್ಯದ ಬಗ್ಗೆ 2009ರ ರಯನ್ ವರದಿ, ಸನ್ಯಾಸಿನಿಯರು ನಡೆಸ್ತಿದ್ದ ಟ್ಯೂಮ್‌ನ ತಾಯಿ ಮಕ್ಕಳ ಆಶ್ರಮದಲ್ಲಿ ಸತ್ತ ಶಿಶುಗಳ ಸತ್ಯ, ಇವೆಲ್ಲಾ ಸೇರಿ ಚರ್ಚ್ ಮಾತಿನ ತೂಕ ಕಮ್ಮಿ ಮಾಡಿದ್ವು. 2018 ಮೇ 25ರ ಜನಮತದಲ್ಲಿ ಶೇ. 66.4 ಜನ ತಿದ್ದುಪಡಿ ತೆಗೀರಿ ಅಂದ್ರು, ಬೇಡ ಅಂದಿದ್ದು ಡೊನೆಗಾಲ್ ಒಂದೇ. ಮಗಳ ಹೆಸರಲ್ಲಿ ಹೌದು ಅಂತ ಓಟ್ ಹಾಕಿ ಅಂತ ಸವಿತಾ ಅಪ್ಪ ಬೆಳಗಾವಿಯಿಂದ ಕೇಳ್ಕೊಂಡಿದ್ರು. ಚರ್ಚಿಗೆ ಹೋಗೋರೆಲ್ಲಾ ವಿರೋಧ ಅನ್ಕೋಬೇಡ. ನಮ್ಮ ಪಕ್ಕದ್ಮನೆ ಅಜ್ಜಿ ದಿನಾ ಮಾಸ್‌ಗೆ ಹೋಗೋರು, ಗೇಟಿನ ಹತ್ರ ಕಸದ ಡಬ್ಬಿ ಎಳೀತಾ, ಪಾಪ ಆದ್ರೆ ದೇವ್ರು ನೋಡ್ಕೋತಾನೆ, ಗಾರ್ಡಾ ಯಾಕೆ ಬೇಕು ಅಂದ್ರು, ಗಾರ್ಡಾ ಅಂದ್ರೆ ಇಲ್ಲಿ ಪೊಲೀಸ್.

ಈಗ 12 ವಾರದವರೆಗೆ ಗರ್ಭಪಾತಕ್ಕೆ ಕಾರಣ ಕೇಳಲ್ಲ, ಕೊನೆ ಮುಟ್ಟಿನ ಮೊದಲ ದಿನದಿಂದ ಲೆಕ್ಕ, ಮೂರು ದಿನ ಕಾಯ್ಬೇಕು, ಇಲ್ಲಿ ವಾಸ ಇರೋರಿಗೆ ಖರ್ಚಿಲ್ಲ. ಅದಾದ್ಮೇಲೆ ತಾಯಿಯ ಜೀವಕ್ಕೋ ಆರೋಗ್ಯಕ್ಕೋ ಗಂಭೀರ ಅಪಾಯ ಇದ್ರೆ, ಇಲ್ಲಾ ಮಗು ಉಳಿಯೋದೇ ಇಲ್ಲ ಅಂದ್ರೆ ಮಾತ್ರ. ಧರ್ಮದ ಕಾರಣಕ್ಕೆ ಮಾಡಲ್ಲ ಅನ್ನೋ ಹಕ್ಕು ಡಾಕ್ಟರಿಗಿದೆ, ಆದ್ರೆ ಬೇರೆಯವರ ಹತ್ರ ಕಳಿಸ್ಲೇಬೇಕು, ತುರ್ತಿನಲ್ಲಿ ಆ ಹಕ್ಕೂ ಇಲ್ಲ. ಮೂರು ದಿನ ಕಾಯೋ ನಿಯಮ ತೆಗೀಬೇಕೋ ಬೇಡ್ವೋ ಅಂತ ಈಗ್ಲೂ ಜಗಳ, ಬೇಡ ಅನ್ನೋರು ಈಗ ಬಿಷಪ್ ಹೆಸರೆತ್ತದೆ ಆತ್ಮಸಾಕ್ಷಿ ಅಂತಾರೆ, ಅಷ್ಟೇ ವ್ಯತ್ಯಾಸ.

ನಿಂಗೆ ನಾನು ಒತ್ತಿ ಹೇಳೋದು ಓಟಿನ ವಿಷಯ. ಜನಮತದಲ್ಲಿ ಐರಿಷ್ ಪೌರರಿಗೆ ಮಾತ್ರ ಓಟು. ನಾನು ಅಷ್ಟೊತ್ತಿಗೆ ಇಲ್ಲಿನ ಪೌರತ್ವ ತಗೊಂಡು ಇಂಡಿಯನ್ ಪಾಸ್‌ಪೋರ್ಟ್ ಸರೆಂಡರ್ ಮಾಡಿದ್ದೆ, ಆ ರಾತ್ರಿ ಊಟ ಸೇರ್ಲಿಲ್ಲ, ಅಪ್ಪ ಫೋನಲ್ಲಿ ಮಾತೇ ಆಡ್ಲಿಲ್ಲ. 2018ರಲ್ಲಿ ಬೂತ್ ಇದ್ದಿದ್ದು ಸ್ಕೂಲಲ್ಲಿ, ಬಾಗಿಲಲ್ಲೇ ಮೇರಿಯಮ್ಮನ ಮೂರ್ತಿ. ನನ್ನ ಜೊತೆ ಕೆಲಸ ಮಾಡೋ ನಮ್ಮೂರ ಕಡೆ ಹುಡುಗಿ, ಏಳು ತಿಂಗಳ ಬಸುರಿ, ವರ್ಕ್ ಪರ್ಮಿಟ್ ಮೇಲಿದ್ಲು, ಗೇಟ್ ತನಕ ಬಂದು ಅಲ್ಲೇ ನಿಂತ್ಲು. ಯಾರ ಮೈಮೇಲಿನ ಕಾನೂನೋ ಅವಳಿಗೆ ಚೀಟಿ ಇಲ್ಲ. ಅದು ನಂಗೆ ಈಗ್ಲೂ ಚುಚ್ಚುತ್ತೆ.

ಹಾಗಾಗಿ ಬಂದ ಕೂಡ್ಲೇ ವೋಟರ್ ಲಿಸ್ಟಲ್ಲಿ ಹೆಸರು ಸೇರಿಸು, ಕೌನ್ಸಿಲ್ ಎಲೆಕ್ಷನ್‌ಗೆ ಪೌರತ್ವ ಬೇಕಿಲ್ಲ. ಐದು ವರ್ಷ ಲೆಕ್ಕ ತುಂಬಿದ್ಮೇಲೆ ಪೌರತ್ವಕ್ಕೆ ಹಾಕೋದಾ ಅಂತ ಗಂಡನ ಹತ್ರ ಈಗ್ಲಿಂದಾನೇ ಮಾತಾಡು, ಇಬ್ಬರೂ ಅಳ್ತೀರಿ, ಪರವಾಗಿಲ್ಲ. ಮೊದಲ ವಾರದಲ್ಲೇ ಜಿಪಿ ಹತ್ರ, ಅಂದ್ರೆ ಫ್ಯಾಮಿಲಿ ಡಾಕ್ಟರ್ ಹತ್ರ, ರಿಜಿಸ್ಟರ್ ಆಗು, ಎಷ್ಟೋ ಕಡೆ ಹೊಸಬರನ್ನ ತಗೊಳಲ್ಲ, ಮೂರ್ನಾಲ್ಕು ಕ್ಲಿನಿಕ್‌ಗೆ ಫೋನ್ ಮಾಡ್ಬೇಕಾಗುತ್ತೆ. ಅಮ್ಮನಿಗೆ ನನ್ನ ನಂಬರ್ ಕೊಡು, ನಾನೇ ಮಾತಾಡ್ತೀನಿ.